12,730 ರೂಪಾಯಿ ಸರ್ವಿಸ್ ಬಿಲ್: ಎಷ್ಟು ಬೇಕಿತ್ತು, ಎಷ್ಟು ಮನೆಯಲ್ಲೇ ಆಗುತ್ತಿತ್ತು?

ಪ್ರಶ್ನೆ: ನಾನು ದಾವಣಗೆರೆಯಲ್ಲಿದ್ದೇನೆ, ಹೈಸ್ಕೂಲ್ ಶಿಕ್ಷಕಿ. ನಮ್ಮದು ಏಳು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು, 58,000 ಕಿ.ಮೀ. ಓಡಿದೆ. ದಿನಾ ಜಗಳೂರು ರಸ್ತೆಯ ಹಳ್ಳಿ ಶಾಲೆಗೆ ಅದರಲ್ಲೇ ಹೋಗಿಬರುತ್ತೇನೆ. ಎಂಜಿನ್ ನಡುಗುವುದು, ಆಫ್ ಆಗುವುದು ಏನೂ ಇಲ್ಲ, ಎಸಿ ಹಾಕಿದಾಗ ಮಾತ್ರ ಒದ್ದೆ ಬಟ್ಟೆಯ ವಾಸನೆ ಬರುತ್ತಿತ್ತು. ಮೊನ್ನೆ ವರ್ಷದ ಸರ್ವಿಸಿಗೆ ಬಿಟ್ಟಾಗ 12,730 ರೂಪಾಯಿ ಬಿಲ್ ಆಯಿತು. ಯಾಕಿಷ್ಟು ಅಂತ ಕೇಳಿದರೆ ‘ಇದೆಲ್ಲಾ ಮಾಡಿಸಲಿಲ್ಲ ಅಂದ್ರೆ ಎಂಜಿನ್ ಹೋಗುತ್ತೆ ಮೇಡಂ’ ಅಂದರು. ಯೂಟ್ಯೂಬಿನಲ್ಲಿ ನೋಡಿದರೆ ಜನ ಇದನ್ನೆಲ್ಲಾ ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ನಾನೂ ಕಲಿಯಬಹುದಾ? ಎಂಜಿನ್ ಆಯಿಲನ್ನೂ ಮನೆಯಲ್ಲೇ ಬದಲಿಸಬಹುದಾ? ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು? ಶೋರೂಮ್ ಬಿಟ್ಟು ಬೇರೆ ಕಡೆ ಕೈ ಹಾಕಿಸಿದರೆ ವಾರಂಟಿ ಹೋಗುತ್ತೆ ಅಂತ ಮೈದುನ ಹೆದರಿಸುತ್ತಾನೆ. ಈ ಬಿಲ್ಲಿನ ಜೊತೆ ಹಿಂದಿನ ವರ್ಷಗಳ ಬಿಲ್ಲುಗಳನ್ನೂ ಕಳಿಸಿದ್ದೇನೆ. ದಯವಿಟ್ಟು ನೋಡಿ ಹೇಳಿ.

ಉತ್ತರ: ನಮಸ್ಕಾರ ಮೇಡಂ. ಹಳೆಯ ಬಿಲ್ಲುಗಳನ್ನೂ ಎತ್ತಿಟ್ಟು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ. ಈ ಸಲದ ಬಿಲ್ಲನ್ನು ಟೇಬಲ್ ಮೇಲೆ ಇಟ್ಟುಕೊಂಡು, ಪೆನ್ಸಿಲ್ ಹಿಡಿದು, ಒಂದೊಂದು ಸಾಲಿಗೂ ಗುರುತು ಹಾಕುತ್ತಾ ಬಂದೆ. ಮೂರು ಗುಂಪಾಯಿತು.

ಮೊದಲ ಗುಂಪು, ಬೇಕಾದದ್ದು. ಎಂಜಿನ್ ಆಯಿಲ್ 1,850, ಆಯಿಲ್ ಫಿಲ್ಟರ್ 160, ಲೇಬರ್ 2,200, ಬ್ರೇಕ್ ಬಿಚ್ಚಿ ಕ್ಲೀನ್ ಮಾಡಿದ್ದು 1,200, ವ್ಹೀಲ್ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ 1,150, ಗ್ರೀಸು ಬಟ್ಟೆ ಅಂತ ಚಿಲ್ಲರೆ 250. ಒಟ್ಟು 6,810. ಲೇಬರ್ ಸ್ವಲ್ಪ ಜಾಸ್ತಿ ಅನ್ನಬಹುದು, ಆದರೆ ಕೆಲಸಗಳು ಬೇಕಾದವೇ.

ಎರಡನೇ ಗುಂಪು, ನೀವೇ ಮಾಡಬಹುದಾಗಿದ್ದದ್ದು. ಏರ್ ಫಿಲ್ಟರ್ 380, ಎಸಿ ಫಿಲ್ಟರ್ 520, ವೈಪರ್ ಬ್ಲೇಡ್ 780, ಕೂಲೆಂಟ್ ಟಾಪ್‌ಅಪ್ 240. ಒಟ್ಟು 1,920.

ಮೂರನೇ ಗುಂಪು, ಈ ಸಲ ಬೇಡವಾಗಿದ್ದದ್ದು. ಎಂಜಿನ್ ಫ್ಲಶ್ 650, ಪೆಟ್ರೋಲಿಗೆ ಹಾಕುವ ಇಂಜೆಕ್ಟರ್ ಕ್ಲೀನರ್ 750, ಥ್ರಾಟಲ್ ಬಾಡಿ ಕ್ಲೀನಿಂಗ್ 900, ಎಸಿ ಡಿಸ್‌ಇನ್ಫೆಕ್ಷನ್ 1,100, ಎಂಜಿನ್ ಡ್ರೆಸ್ಸಿಂಗ್ 600. ಒಟ್ಟು ಸರಿಯಾಗಿ 4,000 ರೂಪಾಯಿ.

ಈ ಲೆಕ್ಕ ನೋಡಿದರೆ ಒಂದು ಸಂಗತಿ ಗೊತ್ತಾಗುತ್ತದೆ. ನೀವು ಪಾನಾ ಹಿಡಿದು ಎಷ್ಟೇ ಕಷ್ಟಪಟ್ಟರೂ ಉಳಿಯುವುದು ಸಾವಿರದ ಆಸುಪಾಸು, ಯಾಕೆಂದರೆ ಫಿಲ್ಟರು, ಬ್ಲೇಡು ಕೊಳ್ಳಲೇಬೇಕಲ್ಲ. ಕೌಂಟರಿನಲ್ಲಿ ನಿಂತು ‘ಇದು ಬೇಡ’ ಅಂದಿದ್ದರೆ ಉಳಿಯುತ್ತಿದ್ದದ್ದು ನಾಲ್ಕು ಸಾವಿರ. ಹಾಗಂತ ಮನೆಯಲ್ಲಿ ಮಾಡುವುದು ದಂಡ ಅಂತ ನಾನು ಹೇಳುತ್ತಿಲ್ಲ. ‘ಇದು ಬೇಡ’ ಅನ್ನಲು ಧೈರ್ಯ ಬೇಕು. ಆ ಧೈರ್ಯ ಬರುವುದು ಬಾನೆಟ್ ಎತ್ತಿ, ಕೈ ಮಸಿ ಮಾಡಿಕೊಂಡು, ಏನು ಎಲ್ಲಿದೆ ಅಂತ ನೋಡಿದವರಿಗೆ. ಅದಕ್ಕೇ ಕಲಿಯಿರಿ ಅನ್ನುತ್ತೇನೆ.

ಮೂರನೇ ಗುಂಪಿನ ವಿಷಯ ಬೇಗ ಮುಗಿಸುತ್ತೇನೆ. ಟೈಮಿಗೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್ನಿಗೆ ಫ್ಲಶ್, ಅಂದರೆ ಒಳಗಿನ ಕೊಳೆ ತೊಳೆಯುವುದು, ಬೇಕಿಲ್ಲ. ನಿಮ್ಮ ಬಿಲ್ಲುಗಳ ಪ್ರಕಾರ ಒಂದು ವರ್ಷವೂ ನೀವು ಆಯಿಲ್ ತಪ್ಪಿಸಿಲ್ಲ. ಇಂಜೆಕ್ಟರ್ ಅಂದರೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಭಾಗ; ಅದರ ಕ್ಲೀನರ್ ಬಾಟಲಿಯಿಂದ ಕೆಡುಕಿಲ್ಲ, ಆದರೆ ಪಿಕಪ್ಪು, ಮೈಲೇಜು ಸರಿ ಇರುವಾಗ ಪ್ರತಿ ಸರ್ವಿಸಿಗೂ ಯಾಕೆ? ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಭಾಗ ಥ್ರಾಟಲ್ ಬಾಡಿ, ಅದರ ಕ್ಲೀನಿಂಗ್ ನಿಜವಾದ ಕೆಲಸವೇ. ಸಿಗ್ನಲಿನಲ್ಲಿ ನಿಂತಾಗ ಎಂಜಿನ್ ನಡುಗುವುದು, ನಿಂತಲ್ಲೇ ಎಂಜಿನ್ನಿನ ವೇಗ (ಐಡ್ಲಿಂಗ್) ಏರಿಳಿಯುವುದು, ಆಫ್ ಆಗಿಬಿಡುವುದು, ಇಂಥದ್ದು ಇದ್ದರೆ ಮಾಡಿಸಿ. ನಿಮಗೆ ಅದ್ಯಾವುದೂ ಇಲ್ಲ ಅಂತ ನೀವೇ ಬರೆದಿದ್ದೀರಿ. ಎಂಜಿನ್ ಡ್ರೆಸ್ಸಿಂಗ್ ಅಂದರೆ ಪ್ಲಾಸ್ಟಿಕ್ಕಿಗೆ ಹೊಳಪು ಬರಿಸುವ ಸ್ಪ್ರೇ. ಆ ಜಿಡ್ಡಿನ ಮೇಲೆ ಧೂಳು ಇನ್ನೂ ಚೆನ್ನಾಗಿ ಕೂರುತ್ತದೆ.

ಎಸಿ ಡಿಸ್‌ಇನ್ಫೆಕ್ಷನ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಎಸಿ ಹಾಕಿದಾಗ ಒದ್ದೆ ಬಟ್ಟೆಯ ವಾಸನೆ ಬರುತ್ತಿತ್ತು ಅಂತ ಒಪ್ಪಿಕೊಂಡಿರಿ, ಅಲ್ವಾ? ಆ ವಾಸನೆಗೆ ಕಾರಣ ಸಾಮಾನ್ಯವಾಗಿ ಎರಡು. ಒಂದು, ಕಸ ತುಂಬಿದ ಎಸಿ ಫಿಲ್ಟರ್. ಇನ್ನೊಂದು, ಡ್ಯಾಶ್‌ಬೋರ್ಡಿನ ಒಳಗೆ ತಣ್ಣಗಾಗುವ ಕಾಯಿಲ್ ಮೇಲೆ ನಿಂತ ನೀರು. ಮನೆ ಇನ್ನು ಎರಡು ಮೂರು ನಿಮಿಷ ದೂರ ಇದೆ ಅನ್ನುವಾಗ ಎಸಿ ಗುಂಡಿ ಆಫ್ ಮಾಡಿ, ಫ್ಯಾನ್ ಮಾತ್ರ ಜೋರಾಗಿ ಓಡಲಿ. ಆ ಗಾಳಿಗೆ ಕಾಯಿಲ್ ಒಣಗುತ್ತದೆ. ಇಷ್ಟನ್ನು ರೂಢಿ ಮಾಡಿಕೊಂಡು, ಫಿಲ್ಟರನ್ನೂ ಬದಲಿಸಿದ ಎಷ್ಟೋ ಕಾರುಗಳಲ್ಲಿ ವಾಸನೆ ಹೋಗಿದ್ದು ನಾನೇ ನೋಡಿದ್ದೇನೆ. ಆಮೇಲೂ ಉಳಿದರೆ ಆಗ ಸ್ಪ್ರೇ ಮಾಡಿಸಿ.

ಈಗ ಆ ಫಿಲ್ಟರನ್ನೇ ಹೇಗೆ ಬದಲಿಸುವುದು ನೋಡೋಣ. ಮನೆಯಲ್ಲಿ ಕಲಿಯಲು ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. ಕಾರು ಎತ್ತಬೇಕಿಲ್ಲ, ಪಾನಾ ಬೇಕಿಲ್ಲ, ತಪ್ಪಾದರೂ ಅಪಾಯವಿಲ್ಲ.

ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತು ಗ್ಲೌ ಬಾಕ್ಸ್ ತೆಗೆಯಿರಿ. ಒಳಗಿರುವ ಆರ್‌ಸಿ, ಇನ್ಶೂರೆನ್ಸ್, ಟಿಶ್ಯೂ ಎಲ್ಲಾ ಖಾಲಿ ಮಾಡಿ. ಡಬ್ಬದ ಎರಡೂ ಪಕ್ಕವನ್ನು ಅಂಗೈಯಿಂದ ಒಳಕ್ಕೆ ಒತ್ತಿ. ಬಹಳಷ್ಟು ಸಣ್ಣ ಕಾರುಗಳಲ್ಲಿ ಅಷ್ಟಕ್ಕೇ ಅದು ಕೊಂಡಿ ಬಿಟ್ಟು ಕೆಳಕ್ಕೆ ಜಾರುತ್ತದೆ. ಹಿಂದೆ ಉದ್ದನೆಯ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅದರ ತುದಿಯ ಕ್ಲಿಪ್ ಒತ್ತಿ ತೆಗೆದರೆ ಒಳಗೆ ಮಡಿಕೆ ಮಡಿಕೆಯಾದ ಫಿಲ್ಟರ್. ನಿಧಾನಕ್ಕೆ, ಅಲ್ಲಾಡಿಸದೆ, ಅಡ್ಡಡ್ಡಲಾಗಿ ಎಳೆಯಿರಿ. ಕೆಳಗೆ ಹಳೇ ಪೇಪರ್ ಹಾಸಿಕೊಂಡಿರಿ, ಯಾಕೆಂದರೆ ನಿಮ್ಮ ಕಡೆಯ ಕಾರಿನಲ್ಲಿ ಏನು ಬೀಳುತ್ತದೆ ಅಂತ ನನಗೆ ಗೊತ್ತು. ಮೆಕ್ಕೆಜೋಳದ ಒಕ್ಕಲು ಮುಗಿದ ಮೇಲೆ ಬರುವ ಕಾರುಗಳ ಫಿಲ್ಟರ್ ಕೊಡವಿದರೆ ಕೆಂಪು ಹೊಟ್ಟು, ಬೇವಿನ ಎಲೆ, ಗುಬ್ಬಿ ಪುಕ್ಕ ಎಲ್ಲಾ ಉದುರುತ್ತದೆ. ರಸ್ತೆ ಮೇಲೇ ಜೋಳ ಹರವಿರುತ್ತಾರಲ್ಲ, ಅದರ ಹೊಟ್ಟು ಗಾಳಿಗೆ ಎದ್ದು ನೇರ ಅಲ್ಲಿಗೇ ಬಂದು ಕೂರುತ್ತದೆ. ಹೊಸ ಫಿಲ್ಟರಿನ ಅಂಚಿನಲ್ಲಿ ಒಂದು ಬಾಣದ ಗುರುತಿರುತ್ತದೆ. ಹಳೆಯದರ ಬಾಣ ಯಾವ ಕಡೆ ಇತ್ತೋ ಹೊಸದರದ್ದೂ ಆ ಕಡೆಯೇ ಇರಬೇಕು. ಮುಚ್ಚಳ ಹಾಕಿ, ಡಬ್ಬ ಎತ್ತಿ ಕೂರಿಸಿ. ಮೊದಲ ಸಲ ಕಾಲು ಗಂಟೆ, ಎರಡನೇ ಸಲ ಐದು ನಿಮಿಷ.

ಎಂಜಿನ್ನಿನ ಏರ್ ಫಿಲ್ಟರ್ ಇನ್ನೂ ಸುಲಭ. ಬಾನೆಟ್ ಎತ್ತಿದರೆ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ, ಅದಕ್ಕೆ ದಪ್ಪ ಪೈಪು. ಕ್ಲಿಪ್ಪು ಅಥವಾ ಸ್ಕ್ರೂ ಬಿಚ್ಚಿದರೆ ಫಿಲ್ಟರ್ ಕೈಗೆ ಬರುತ್ತದೆ. ಎಂಜಿನ್ ತಣ್ಣಗಿರಲಿ. ಪೆಟ್ಟಿಗೆ ತೆರೆದಿರುವಾಗ ಸ್ಕ್ರೂ, ಬಟ್ಟೆ ಚೂರು ಏನೂ ಪೈಪಿನ ಬಾಯಿಗೆ ಬೀಳದಂತೆ ನೋಡಿಕೊಳ್ಳಿ. ಅಲ್ಲಿಂದ ಮುಂದೆ ದಾರಿ ನೇರ ಎಂಜಿನ್ನಿಗೆ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ಸರ್ವಿಸ್ ಬರುವವರೆಗೆ ಕಾಯದೆ, ಮಣ್ಣು ರಸ್ತೆಯ ಓಡಾಟ ಇರುವ ನೀವು ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೆಲಕ್ಕೆ ಮೆತ್ತಗೆ ತಟ್ಟಿ, ಧೂಳು ಉದುರಿಸಿ ಹಾಕಿ. ಬೆಳಕಿಗೆ ಹಿಡಿದಾಗ ಮಡಿಕೆಯ ಮಧ್ಯೆ ಬೆಳಕೇ ಕಾಣದಿದ್ದರೆ ಬದಲಿಸಿ.

ವೈಪರ್ ಬ್ಲೇಡ್ ಬದಲಿಸುವಾಗ ಒಂದೇ ಎಚ್ಚರಿಕೆ. ಕಡ್ಡಿಯನ್ನು ಮೇಲೆತ್ತಿ ಬ್ಲೇಡ್ ತೆಗೆದ ಮೇಲೆ ಬರೀ ಕಬ್ಬಿಣ ಉಳಿಯುತ್ತದೆ. ಸ್ಪ್ರಿಂಗ್ ಸೆಳೆತಕ್ಕೆ ಅದು ಪಟ್ಟಂತ ಗಾಜಿಗೆ ಬಡಿದರೆ ಮುಂದಿನ ಗಾಜು ಸೀಳು. ಮೊದಲೇ ದಪ್ಪ ಟವೆಲ್ ಮಡಚಿ ಗಾಜಿನ ಮೇಲೆ ಹಾಸಿಬಿಡಿ. ಮೇ ಕೊನೆಯಲ್ಲಿ, ಮುಂಗಾರು ಹಿಡಿಯುವ ಮೊದಲು ಬದಲಿಸಿದರೆ ಆ ವರ್ಷಕ್ಕೆ ಸಾಕು.

ಕೂಲೆಂಟ್ ಟಾಪ್‌ಅಪ್ ಅಂತ 240 ರೂಪಾಯಿ ಹಾಕಿದ್ದಾರೆ. ದುಡ್ಡು ಸಣ್ಣದು, ಪ್ರಶ್ನೆ ದೊಡ್ಡದು. ಕೂಲೆಂಟ್ ಅಂದರೆ ಎಂಜಿನ್ ತಣ್ಣಗಿಡಲು ಮುಚ್ಚಿದ ಪೈಪುಗಳೊಳಗೆ ಸುತ್ತುವ ದ್ರವ. ಅದು ಆಯಿಲಿನಂತೆ ಖರ್ಚಾಗುವ ವಸ್ತುವಲ್ಲ. ಇಳಿದಿದ್ದರೆ ಎಲ್ಲೋ ಹೋಗಿದೆ ಅಂತ ಅರ್ಥ. ಒಂದು ಕ್ಲಿಪ್ ಸಡಿಲವೋ, ವಾಟರ್ ಪಂಪ್ ಸೋರುತ್ತಿದೆಯೋ, ರೇಡಿಯೇಟರ್ ಬೆವರುತ್ತಿದೆಯೋ ನೋಡಬೇಕಿತ್ತು. ನೋಡಿದ್ದಾಗಿ ಬಿಲ್ಲಿನಲ್ಲಿ ಎಲ್ಲೂ ಇಲ್ಲ. ಹಾಗಾಗಿ ಈಗಲೇ ರಿಸರ್ವ್ ಡಬ್ಬದ ಮೇಲೆ ಕೂಲೆಂಟ್ ಎಲ್ಲಿದೆಯೋ ಅಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಮುಂದೆ ಪ್ರತಿ ವಾರ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡಿ. ತಿಂಗಳಲ್ಲಿ ಗೆರೆಯಿಂದ ಕೆಳಗೆ ಇಳಿದರೆ ಗ್ಯಾರೇಜಿಗೆ ಒಯ್ಯಲೇಬೇಕು. ಬಿಸಿ ಎಂಜಿನ್ನಿನಲ್ಲಿ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬಾರದು. ಒತ್ತಡದಲ್ಲಿ ಇರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕೂಲೆಂಟ್ ರುಚಿ ಸಿಹಿ, ಆದರೆ ವಿಷ. ಮನೆಯಲ್ಲಿ ಮಕ್ಕಳಿದ್ದರೆ, ನಾಯಿ ಬೆಕ್ಕು ಇದ್ದರೆ, ಚೆಲ್ಲಿದ್ದನ್ನು ತಕ್ಷಣ ತೊಳೆದುಬಿಡಿ.

ಇನ್ನು ನನಗೆ ಬಹಳ ಬೇಜಾರಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಹಳೆಯ ಬಿಲ್ಲುಗಳನ್ನು ಎರಡೆರಡು ಸಲ ಓದಿದೆ. ಏಳು ವರ್ಷದಲ್ಲಿ ಎಂಜಿನ್ ಡ್ರೆಸ್ಸಿಂಗ್ ಐದು ಸಲ ಆಗಿದೆ. ಬ್ರೇಕ್ ಆಯಿಲ್ ಒಂದು ಸಲವೂ ಬದಲಾಗಿಲ್ಲ.

ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ದಾಟಿಸುವ, ಬ್ರೇಕ್ ಆಯಿಲ್ ಅಂತ ನಾವು ಕರೆಯುವ ಈ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣ ಇದೆ. ಡಬ್ಬ ಮುಚ್ಚಿದ್ದರೂ ವರ್ಷಗಳು ಕಳೆದಂತೆ ರಬ್ಬರ್ ಪೈಪಿನ ಮೂಲಕ ತೇವ ಸೇರುತ್ತಲೇ ಹೋಗುತ್ತದೆ. ಹೊಸ ಡಾಟ್ 3 ದರ್ಜೆಯದ್ದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಮಾನದಂಡ ಇದೆ. ತೇವ ಸೇರಿದ ಸ್ಥಿತಿಗೆ ಇಟ್ಟಿರುವ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಅವೇ ಅಂಕಿಗಳು 230 ಮತ್ತು 155. ಊರೊಳಗೆ ಓಡಾಡುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಬೇಸಿಗೆ ರಜೆಯಲ್ಲಿ ಐದು ಜನ ಕೂತು, ಡಿಕ್ಕಿ ತುಂಬಾ ಸಾಮಾನು ಹೇರಿಕೊಂಡು ಧರ್ಮಸ್ಥಳಕ್ಕೆ ಹೊರಡುತ್ತೀರಿ ಅಂತಿಟ್ಟುಕೊಳ್ಳಿ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್. ಚಕ್ರದ ಹತ್ತಿರ ಕಾವು ಏರುತ್ತದೆ, ಹಳೆಯ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ದ್ರವದಂತೆ ಒತ್ತಡ ದಾಟಿಸುವುದಿಲ್ಲ. ಪೆಡಲ್ ಸ್ಪಂಜಿನಂತೆ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ ಅಂತ ಹಿರಿಯ ಡ್ರೈವರುಗಳು ಹೇಳುವುದು ಬ್ರೇಕಿನ ಮೇಲೆ ಈ ಭಾರ ಬೀಳದಿರಲಿ ಅಂತಲೇ.

ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ನಿಮ್ಮ ಕಾರಿನ ಮ್ಯಾನ್ಯುಯಲ್ಲಿನ ಮೆಂಟೆನೆನ್ಸ್ ಪಟ್ಟಿಯಲ್ಲಿ ಅದು ಇದ್ದೇ ಇರುತ್ತದೆ, ತೆರೆದು ನೋಡಿ. ದುಬಾರಿ ಸರ್ವಿಸ್ ಅಂದರೆ ಬರೀ ಜೇಬಿನ ನಷ್ಟ ಅಂತ ನಾವು ತಿಳಿದಿರುತ್ತೇವೆ. ಬೇಡದ್ದರಿಂದ ಬಿಲ್ ತುಂಬಿದಾಗ ‘ಇಷ್ಟೆಲ್ಲಾ ಮಾಡಿದ್ದಾರಲ್ಲ, ಕಾರು ಚೆನ್ನಾಗಿರುತ್ತೆ’ ಅಂತ ಮನಸ್ಸು ನೆಮ್ಮದಿಯಾಗುತ್ತದೆ. ಆ ನೆಮ್ಮದಿಯ ಕೆಳಗೆ ಬೇಕಾದ ಕೆಲಸ ಮುಚ್ಚಿಹೋಗುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ: ಈ ವಾರವೇ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಇದನ್ನು ಮನೆಯಲ್ಲಿ ಮಾಡಬೇಡಿ. ನಾಲ್ಕೂ ಚಕ್ರದ ಬ್ರೇಕ್ ಪೈಪಿನಿಂದ ಗಾಳಿ ತೆಗೆಯುವ ಕೆಲಸ, ಒಂದು ಗುಳ್ಳೆ ಉಳಿದರೂ ತಪ್ಪು. ಅದರ ಜೊತೆಗೇ ಕೂಲೆಂಟ್ ಮತ್ತು ಪೆಟ್ರೋಲಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಯಾವಾಗ ಬದಲಿಸಬೇಕು ಅಂತ ಮ್ಯಾನ್ಯುಯಲ್ಲಿನಲ್ಲಿ ನೋಡಿ. ಸಾದಾ ಪ್ಲಗ್ ಆಗಿದ್ದರೆ 58,000ಕ್ಕೆ ಅದರ ಆಯಸ್ಸು ಮುಗಿದಿದೆ, ತುದಿಗೆ ಇರಿಡಿಯಂ ಅನ್ನುವ ಗಟ್ಟಿ ಲೋಹ ಇರುವ ಪ್ಲಗ್ ಆಗಿದ್ದರೆ ಇನ್ನೂ ಓಡುತ್ತದೆ. ನಾನು ಕೆಲಸ ಕಲಿಯುವಾಗ ಪ್ಲಗ್ ಅಂದರೆ ನಮಗೆಲ್ಲಾ ಮೈಕೋ ಪ್ಲಗ್. 1951ರಲ್ಲಿ ಶುರುವಾದ ಬೆಂಗಳೂರಿನ ಕಂಪನಿ ಅದು, ಈಗ ಬಾಷ್ ಅಂತ ಹೆಸರು. ಹಳೇ ಮೇಸ್ತ್ರಿಗಳ ಬಾಯಲ್ಲಿ ಇಂದಿಗೂ ಮೈಕೋನೇ. ಆಗ ಪ್ಲಗ್ ತೆಗೆದು, ಉಪ್ಪು ಕಾಗದದಲ್ಲಿ ತಿಕ್ಕಿ, ತುದಿಗಳ ನಡುವಿನ ಗ್ಯಾಪ್ ಸರಿ ಮಾಡಿ ಹಾಕುತ್ತಿದ್ದೆವು. ಈಗಿನ ಇರಿಡಿಯಂ ಪ್ಲಗ್ಗುಗಳ ತುದಿ ಬಹಳ ಸಣ್ಣ, ತಿಕ್ಕಿದರೆ ಹಾಳು.

ಇನ್ನು, ಮನೆಯಲ್ಲಿ ಆಯಿಲ್ ಬದಲಿಸಬಹುದಾ ಅಂತ ಕೇಳಿದ್ದೀರಿ. ಬದಲಿಸಬಹುದು. ಆದರೆ ನನ್ನ ಸಲಹೆ ಬೇಡ ಅಂತಲೇ.

ನೀವು ನೋಡಿದ ವಿಡಿಯೋಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ಮನೆಗೊಂದು ಗ್ಯಾರೇಜು, ಸಿಮೆಂಟಿನ ಸಮ ನೆಲ, ಮೆಕ್ಯಾನಿಕ್ಕಿನ ಗಂಟೆಯ ಕೂಲಿಯೂ ಬಹಳ ಜಾಸ್ತಿ. ನಮ್ಮಲ್ಲಿ ನಂಬಿಕೆಯ ಗ್ಯಾರೇಜಿನಲ್ಲಿ ಆಯಿಲ್ ಬದಲಿಸುವ ಕೂಲಿ ಕೆಲವೇ ನೂರು ರೂಪಾಯಿ. ಅದನ್ನು ಉಳಿಸಲು ಎತ್ತಿದ ಕಾರಿಗೆ ಆಸರೆ ಕೊಡುವ ಜಾಕ್ ಸ್ಟ್ಯಾಂಡ್, ಫಿಲ್ಟರ್ ಬಿಚ್ಚುವ ಪಾನಾ, ಟ್ರೇ ಎಲ್ಲಾ ಕೊಂಡರೆ ಹಾಕಿದ ದುಡ್ಡು ಹುಟ್ಟಲು ಐದಾರು ವರ್ಷ ಬೇಕು. ಕೊನೆಗೆ ಮೂರು ಲೀಟರ್ ಹಳೇ ಆಯಿಲ್ ಎಲ್ಲಿ ಸುರಿಯುತ್ತೀರಿ? ಅದು ಅಪಾಯಕಾರಿ ತ್ಯಾಜ್ಯ. ಚರಂಡಿಗೂ ಹಾಕುವಂತಿಲ್ಲ, ತೆಂಗಿನ ಬುಡಕ್ಕೂ ಹಾಕುವಂತಿಲ್ಲ.

ಅದಕ್ಕಿಂತ ಮುಖ್ಯವಾದ ಮಾತು ಜಾಕಿಯದ್ದು. ನಾನು ಕೆಲಸ ಕಲಿಯುತ್ತಿದ್ದ ಗ್ಯಾರೇಜಿನಲ್ಲಿ ಮಳೆಗಾಲದ ಒಂದು ಸಂಜೆ, ಮಣ್ಣು ನೆಲದಲ್ಲಿ, ಬರೀ ಜಾಕಿ ಕೊಟ್ಟು ಒಂದು ಕಾರು ಎತ್ತಿದ್ದರು. ನನ್ನ ಜೊತೆಯ ಹುಡುಗ ಕೆಳಗೆ ಮಲಗಿ ನಟ್ ಬಿಚ್ಚಿ, 17 ನಂಬರ್ ಪಾನಾ ತರಲು ಎದ್ದು ಬಂದ. ಅವನು ಎರಡು ಹೆಜ್ಜೆ ಇಟ್ಟಿರಲಿಲ್ಲ, ಜಾಕಿ ಕೆಸರಿನಲ್ಲಿ ವಾಲಿ ಕಾರು ಧಬ್ ಅಂತ ಕೂತಿತು. ಅವನು ಹಾಸಿಕೊಂಡಿದ್ದ ಗೋಣಿಚೀಲ ಅದರ ಅಡಿಯಲ್ಲೇ ಉಳಿಯಿತು. ಆ ರಾತ್ರಿ ನಾವಿಬ್ಬರೂ ಊಟ ಮಾಡಲಿಲ್ಲ. ಕಾರಿನ ಜೊತೆ ಕಂಪನಿ ಕೊಡುವ ಜಾಕಿ ಸ್ಟೆಪ್ನಿ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆಯಲ್ಲ, ಕೈ ಕೂಡ ಹಾಕಬಾರದು.

ಆಯಿಲ್ ವಿಷಯಕ್ಕೆ ಮಧ್ಯದ ದಾರಿ ಒಂದಿದೆ. ಮ್ಯಾನ್ಯುಯಲ್ಲಿನಲ್ಲಿ ಬರೆದ ಗ್ರೇಡಿನದ್ದೇ, ಅಂದರೆ 0ಡಬ್ಲ್ಯು-20 ಅಂತಿದ್ದರೆ ಅದನ್ನೇ, ಸೀಲ್ ಇರುವ ಡಬ್ಬದಲ್ಲಿ ಕಂಪನಿಯ ಅಧಿಕೃತ ಅಂಗಡಿಯಿಂದ ನೀವೇ ಕೊಳ್ಳಿ. ಫಿಲ್ಟರ್ ಮತ್ತು ಹಳೇ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ವಾಷರ್ ಕೂಡ ಕೊಳ್ಳಿ. ಗ್ಯಾರೇಜಿಗೆ ಹೋಗಿ ಎದುರಿಗೆ ನಿಂತು ಹಾಕಿಸಿ. ಇಲ್ಲೂ ಒಂದು ಎಚ್ಚರಿಕೆ, ಬೆಂಗಳೂರಿನ ಜೆ.ಸಿ. ರೋಡಿನಿಂದ ಹಿಡಿದು ಎಲ್ಲಾ ಸ್ಪೇರ್ಸ್ ಬಜಾರುಗಳಲ್ಲೂ ಒಳ್ಳೇ ಅಂಗಡಿಗಳ ಪಕ್ಕದಲ್ಲೇ ನಕಲಿ ಮಾಲಿನವರೂ ಇದ್ದಾರೆ. ಅರ್ಧ ಬೆಲೆಗೆ ಸಿಗುವ ಆಯಿಲ್ ಫಿಲ್ಟರ್ ಬೇಡ. ಬಿಲ್ ಕೇಳಿ ಪಡೆಯಿರಿ. ಪೆಟ್ಟಿಗೆ ಮೇಲಿನ ಎಂಆರ್‌ಪಿ ಓದಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ಅದಕ್ಕೆ ಮೊದಲು ಬಹಳಷ್ಟಕ್ಕೆ ಶೇ. 28 ಇತ್ತು. ಹಳೇ ದರದ ಲೇಬಲ್ ಕಂಡರೆ ಕೇಳಿ.

ಆಯಿಲ್ ಬದಲಿಸುವುದು ಬೇಡ ಅಂದೆ, ನೋಡುವುದನ್ನು ಮಾತ್ರ ಬಿಡಬೇಡಿ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ, ಕಾರು ಸಮ ಜಾಗದಲ್ಲಿರುವಾಗ, ಎಂಜಿನ್ ಶುರು ಮಾಡುವ ಮೊದಲು ಬಾನೆಟ್ ಎತ್ತಿ. ಹಳದಿ ಅಥವಾ ಕಿತ್ತಳೆ ಬಣ್ಣದ ಉಂಗುರ ಇರುವ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡಿ. ಆಯಿಲ್ ಎರಡು ಗುರುತುಗಳ ಮಧ್ಯೆ ಇದ್ದರೆ ಸರಿ. ಬಣ್ಣ ಕಂದು, ಕಪ್ಪಾಗಿದೆ ಅಂತ ಗಾಬರಿ ಬೇಡ, ಕೊಳೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಹಾಲು ಹಾಕಿದ ಕಾಫಿಯ ಹಾಗೆ ಕಂಡರೆ ಮಾತ್ರ ಕಾರು ಶುರು ಮಾಡಬೇಡಿ. ಆಯಿಲಿಗೆ ಕೂಲೆಂಟ್ ಸೇರಿರಬಹುದು. ಮೇಲಿನ ಗುರುತು ದಾಟಿ ಸುರಿಯುವುದೂ ತಪ್ಪು.

ಅಲ್ಲೇ ನಿಂತು ಬ್ಯಾಟರಿ ನೋಡಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬೆಳಿಗ್ಗೆ ಸೆಲ್ಫ್ ಎತ್ತದೆ ‘ಟಕ್ ಟಕ್’ ಅನ್ನಲು ಅದೇ ಸಾಕು. ಎಷ್ಟೋ ಜನ ಅಷ್ಟಕ್ಕೇ ಹೊಸ ಬ್ಯಾಟರಿ ಕೊಂಡಿದ್ದಾರೆ. 10 ನಂಬರ್ ಪಾನಾ ಹೆಚ್ಚಿನ ಕಾರುಗಳಿಗೆ ಸರಿಹೋಗುತ್ತದೆ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಮೈನಸ್ ಹಾಗೇ ಇರುವಾಗ ಪ್ಲಸ್ಸಿಗೆ ಪಾನಾ ಹಾಕಿ, ಅದು ಕಾರಿನ ಕಬ್ಬಿಣದ ಮೈಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಉಂಗುರ, ಬಳೆ ತೆಗೆದಿಡಿ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದರೆ ಪುಡಿ ನೊರೆಯಾಗಿ ಕರಗುತ್ತದೆ. ಒಣಗಿಸಿ, ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ. ಒಂದು ಮಲ್ಟಿಮೀಟರ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ರಾತ್ರಿಯೆಲ್ಲಾ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ.

ಇಲಿ ಕಾಟ ಇದ್ದರೆ ವೈರುಗಳ ಮೇಲೂ ಕಣ್ಣಾಡಿಸಿ. ಮಲೆನಾಡಿನ ಕಡೆ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟಿಡುತ್ತಾರೆ. ಇಡುವುದಾದರೆ ಬೆಲ್ಟು, ಫ್ಯಾನಿನಿಂದ ದೂರ ಇಡಿ. ಹಾಗೆಯೇ ಹಳದಿ ಹೊದಿಕೆ ಅಥವಾ ಹಳದಿ ಕನೆಕ್ಟರ್ ಇರುವ ವೈರು ಏರ್‌ಬ್ಯಾಗಿನದ್ದು, ಅದನ್ನು ಮುಟ್ಟಲೇಬೇಡಿ. ಮುಂದೆಂದಾದರೂ ಹೈಬ್ರಿಡ್ಡೋ ಎಲೆಕ್ಟ್ರಿಕ್ಕೋ ಕೊಂಡರೆ, ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿಗೆ ನಿಮ್ಮ ಕೈ ಹೋಗಬಾರದು, ಅದರಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟ್ ಇರುತ್ತದೆ. ಎಸಿ ಗ್ಯಾಸ್, ಸ್ಟೀರಿಂಗ್, ಸಸ್ಪೆನ್ಷನ್ ಕೂಡ ತಿಳಿದವರ ಕೈಯಲ್ಲೇ ಇರಲಿ.

ವಾರಂಟಿ ಬಗ್ಗೆ ಮೈದುನರ ಮಾತು ನಿಮ್ಮ ಕಾರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಏಳು ವರ್ಷ ಆಗಿದೆ. ಹೊಸ ಕಾರಿನವರು ಮಾತ್ರ ಕೇಳಿಸಿಕೊಳ್ಳಲಿ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತ್ತು. ಅಸಲಿ ಬಿಡಿಭಾಗ, ರಿಪೇರಿಯ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಮಾರುಕಟ್ಟೆಯನ್ನು ಕಟ್ಟಿಹಾಕಿದ್ದಾರೆ ಅನ್ನುವುದು ಆರೋಪ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನುವ ಷರತ್ತು ಹಾಕಬಾರದು ಅಂತಲೂ ಆ ಆದೇಶ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ನನ್ನ ಸಲಹೆ ಇಷ್ಟು: ವಾರಂಟಿ ಇರುವವರೆಗೆ ವರ್ಷದ ಸರ್ವಿಸ್ ಅಧಿಕೃತ ಸೆಂಟರಿನಲ್ಲೇ ಆಗಲಿ, ವಾದ ಮಾಡುವ ತಾಪತ್ರಯ ತಪ್ಪುತ್ತದೆ. ಎಸಿ ಫಿಲ್ಟರ್, ವೈಪರ್ ನೀವು ಬದಲಿಸಿದರೆ ವಾರಂಟಿಗೆ ಏನೂ ಆಗುವುದಿಲ್ಲ.

ಮುಂದಿನ ಸಲ ಸರ್ವಿಸಿಗೆ ಬಿಡುವಾಗ ಹೀಗೆ ಮಾಡಿ. ಹಿಂದಿನ ರಾತ್ರಿ ಮ್ಯಾನ್ಯುಯಲ್ ತೆರೆದು, ಅಷ್ಟು ಕಿ.ಮೀ.ಗೆ ಏನೇನು ಬರೆದಿದೆಯೋ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಾಡಬೇಕಾದ ಕೆಲಸಗಳನ್ನು ಅವರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಅಷ್ಟನ್ನೇ ಬರೆಸಿ. ಕೆಳಗೆ ನಿಮ್ಮ ಕೈಯಲ್ಲೇ ‘ಇದು ಬಿಟ್ಟು ಬೇರೆ ಏನೇ ಇದ್ದರೂ ಫೋನ್ ಮಾಡಿ ಕೇಳಿದ ಮೇಲೆ ಮಾಡಬೇಕು’ ಅಂತ ಬರೆದು ಸಹಿ ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬದಲಿಸಿದ ಹಳೇ ಭಾಗಗಳನ್ನು ಡಿಕ್ಕಿಯಲ್ಲಿ ಹಾಕಿಕೊಡಲು ಹೇಳಿ. ಅಲೈನ್‌ಮೆಂಟ್ ಮಾಡಿದ್ದರೆ ಮೊದಲಿನ, ನಂತರದ ಪ್ರಿಂಟ್ ಕೇಳಿ. ಆಯಿಲ್ ಎಷ್ಟು ಲೀಟರ್ ಬಿಲ್ ಆಗಿದೆ, ಮ್ಯಾನ್ಯುಯಲ್ಲಿನಲ್ಲಿ ಎಷ್ಟಿದೆ ಅಂತ ಹೋಲಿಸಿ. ಸರ್ವಿಸ್ ಅಡ್ವೈಸರ್ ಹುಡುಗರ ಮೇಲೆ ಕೂಗಾಡಬೇಡಿ. ಹೆಚ್ಚಿನ ಕಡೆ ಅವರಿಗೆ ಆ ಸ್ಪ್ರೇ, ಆ ಬಾಟಲಿ ತಿಂಗಳಿಗಿಷ್ಟು ಮಾರಬೇಕು ಅಂತ ಟಾರ್ಗೆಟ್ ಇರುತ್ತದೆ. ‘ಈ ಸಲ ಬೇಡಪ್ಪ, ಬ್ರೇಕ್ ಆಯಿಲ್ ಮಾತ್ರ ಮರೀಬೇಡ’ ಅಂದರೆ ಸಾಕು, ಈ ಮೇಡಂಗೆ ಗೊತ್ತಿದೆ ಅಂತ ಅವರಿಗೂ ಗೊತ್ತಾಗುತ್ತದೆ. ಕೇಳದೆ ಮಾಡಿದ ಕೆಲಸಕ್ಕೆ ದುಡ್ಡು ವಸೂಲಿ ಮಾಡಿದರೆ ಆ ಫೋಟೋ ತೋರಿಸಿ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕೊನೆಯದಾಗಿ ಟೈರ್. ನೀವು ಕಳಿಸಿದ ಒಂದೂ ಬಿಲ್ಲಿನಲ್ಲಿ ಟೈರ್ ಬದಲಿಸಿದ್ದು ಕಾಣಲಿಲ್ಲ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಗಾಳಿ ಎಷ್ಟಿರಬೇಕು ಅಂತ ಸ್ಟಿಕರ್ ಇದೆ. ಅಷ್ಟೇ ಪಿಎಸ್‌ಐ, ಟೈರ್ ತಣ್ಣಗಿರುವಾಗ, ಹದಿನೈದು ದಿನಕ್ಕೊಮ್ಮೆ ಹಾಕಿಸಿ. ಗಾಳಿ ಕಡಿಮೆ ಇಟ್ಟುಕೊಂಡು ಬೆಂಗಳೂರು ಹೆದ್ದಾರಿಯಲ್ಲಿ ಬಿಸಿಲಿಗೆ ಓಡಿಸಿದರೆ ಟೈರ್ ಕಾದು ಸಿಡಿಯಬಹುದು. ಈಗ ಟಾರ್ಚ್ ಹಿಡಿದು ಟೈರಿನ ಪಕ್ಕದ ಗೋಡೆ ನೋಡಿ. ಇಂಗ್ಲಿಷಿನಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ತೋಡಿನೊಳಗೆ ಅಡ್ಡಕ್ಕೆ ಸಣ್ಣ ದಿಮ್ಮಿಗಳಿರುತ್ತವೆ, ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ. ಮಾತ್ರ, ಮಳೆಯಲ್ಲಿ ಅದು ಹಿಡಿಯುವುದಿಲ್ಲ. ಸವೆಯದಿದ್ದರೂ ಪಕ್ಕದ ಗೋಡೆಯಲ್ಲಿ ಕೂದಲು ಬಿರುಕು ಕಂಡರೆ ಬದಲಿಸಲೇಬೇಕು. ಈ ಸಲ ಉಳಿಸಬಹುದಾಗಿದ್ದ ನಾಲ್ಕು ಸಾವಿರವನ್ನು ಮುಂದಿನ ಸಲ ಇದಕ್ಕೇ ಎತ್ತಿಡಿ. ಐದೂ ಟೈರಿನ ಅಂಕಿ ಬರೆದು ನನಗೆ ಕಳಿಸಿ. ಐದು ಅಂದೆ, ಡಿಕ್ಕಿಯಲ್ಲಿರುವ ಸ್ಟೆಪ್ನಿಯದ್ದೂ ಸೇರಿಸಿ. ಅದನ್ನು ಹೊರಗೆ ತೆಗೆದಾಗ ಅದಕ್ಕೂ ಗಾಳಿ ನೋಡಿಬಿಡಿ.